ಧಾತು ಈಶ್ವರದ ಬರ: ಕೊಂದದ್ದು ಮಳೆಯೊಂದೇನಾ?

ಗಬಗಬ ಉಣ್ಣುವ ಮಕ್ಕಳನ್ನು ನಮ್ಮ ಹಳ್ಳಿಗಳಲ್ಲಿ ‘ಬರಗೆಟ್ಟವರ ಹಾಗೆ ತಿನ್ನಬೇಡ್ರೋ’ ಎಂದು ಗದರುತ್ತಾರೆ. ಆ ಬೈಗುಳದ ಹಿಂದೆ ಎಷ್ಟು ಬರಗಳಿವೆಯೋ! ಹಳೆ ಮೈಸೂರಿನ ಮಟ್ಟಿಗೆ ಘೋರವಾದದ್ದು 1876–78ರ ಬರ. ಸಂವತ್ಸರದ ಹೆಸರು ಹಿಡಿದು ಹಿರಿಯರು ಅದನ್ನು ಧಾತು ಈಶ್ವರದ ಬರ ಎನ್ನುತ್ತಿದ್ದರು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು.

‘ಮಹಾರಾಜರ ಕಾಲದ ಬರ’ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. 1831ರಲ್ಲೇ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು. ಬರ ಬಿದ್ದಾಗ ಚಾಮರಾಜೇಂದ್ರ ಒಡೆಯರು ಇನ್ನೂ ಹುಡುಗ. ಆಳುತ್ತಿದ್ದವರು ಕಮಿಷನರುಗಳು, ಅವರ ಮೇಲೆ ವೈಸರಾಯ್ ಲಿಟ್ಟನ್.

1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟದ್ದು ನಿಜ. ಸುದ್ದಿಗೆ ಅಷ್ಟೇ ಸಾಲು ಸಾಕಾಗಬಹುದು, ನಮಗೆ ಸಾಲದು. ಬೆಂಗಳೂರಿಗೆ ರೈಲು 1864ರಲ್ಲೇ ಬಂದಿತ್ತು, ಧಾನ್ಯವೂ ಅಲ್ಲಿತನಕ ಬಂತು. ಅಲ್ಲಿಂದ ಮುಂದೆ ಗಾಡಿ ಬೇಕು, ಗಾಡಿಗೆ ಎತ್ತು ಬೇಕು, ಎತ್ತಿಗೆ ಮೇವು ಬೇಕು. ಮೇವಿಲ್ಲದೆ ದನಕರುಗಳೇ ಸಾಯುತ್ತಿದ್ದವು. ಹೇಗೋ ಹಳ್ಳಿ ಮುಟ್ಟಿದ ಧಾನ್ಯ ಕೊಳ್ಳಲು ಕೂಲಿಯವರ ಕೈಯಲ್ಲಿ ಕಾಸಿರಲಿಲ್ಲ. ಬೆಲೆಗೆ ಸರ್ಕಾರ ಕೈಹಾಕಬಾರದು, ವ್ಯಾಪಾರ ತನ್ನಷ್ಟಕ್ಕೆ ನಡೆಯಲಿ ಎಂಬುದು ಲಿಟ್ಟನ್‌ನ ನೀತಿ. ಅದೇ ಹೊತ್ತಿಗೆ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ಬೇರೆ.

ಪರಿಹಾರದ ಖರ್ಚಿಗೆ ಕಡಿವಾಣ ಹಾಕಲು ಲಿಟ್ಟನ್ ಕಳಿಸಿದ್ದು ರಿಚರ್ಡ್ ಟೆಂಪಲ್‌ನನ್ನು. ಈತನೇ 1874ರಲ್ಲಿ ಬಿಹಾರದ ಬರಕ್ಕೆ ಬರ್ಮಾದ ಅಕ್ಕಿ ತರಿಸಿ ಜನರನ್ನು ಉಳಿಸಿದವ! ಆಗ ದುಂದು ಮಾಡಿದನೆಂದು ಬೈಸಿಕೊಂಡಿದ್ದ. ಈ ಸಲ ಮದ್ರಾಸ್ ಪ್ರಾಂತ್ಯದಲ್ಲಿ (ನಮ್ಮ ಬಳ್ಳಾರಿ ಆಗ ಅದರಲ್ಲೇ ಇತ್ತು) ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಾಣೆಯಷ್ಟೇ ಕೂಲಿ ಎಂದು ಗೊತ್ತುಮಾಡಿದ. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ವಾದಿಸಿದವರು ಮದ್ರಾಸಿನ ನೈರ್ಮಲ್ಯ ಕಮಿಷನರ್ ವಿಲಿಯಂ ಕಾರ್ನಿಷ್. ಅವರೂ ಅದೇ ಸರ್ಕಾರದ ನೌಕರರು, ಇದನ್ನು ಮರೆಯಬಾರದು. ಕೊನೆಗೆ ಕೂಲಿ ಏರಿತು. ಅಷ್ಟರಲ್ಲಿ ಎಷ್ಟೋ ಜನ ಹೋಗಿಯಾಗಿತ್ತು.

1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದರು, ಜೊತೆಗೆ 80 ಲಕ್ಷ ರೂಪಾಯಿ ಬರದ ಸಾಲವನ್ನೂ. ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು. ಖಜಾನೆಯ ಸ್ಥಿತಿ ನೋಡಿ ಆ ಏರಿಕೆಯನ್ನು ಐದು ವರ್ಷ ಮುಂದೂಡಿದರು, ಆಮೇಲೆ ಮತ್ತೆ ಹತ್ತು ವರ್ಷ. ದಿವಾನ್ ರಂಗಾಚಾರ್ಲು ಆಡಳಿತ ಶುರುಮಾಡಿದ್ದು ಈ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು.