ಆಕ್ಸಿರಿಂಕಸ್ ಪಪೈರಸ್‌ಗಳು

ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ಹಳೆಯ ತಿಪ್ಪೆಗಳಲ್ಲಿ ಸಿಕ್ಕ, ಬಹುಪಾಲು ಗ್ರೀಕ್ ಭಾಷೆಯ ಹಸ್ತಪ್ರತಿಗಳು. ಬ್ರಿಟಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಉತ್ಖನನಕ್ಕೆ ಕೈಹಾಕಿದ್ದು 1896-97ರಲ್ಲಿ. ಒಂದನೆಯ ಸಂಖ್ಯೆ ಪಡೆದದ್ದು ಯೇಸುವಿನ ಮಾತುಗಳಿದ್ದ ಹಾಳೆ. ಅದು ಬೈಬಲಿಗೆ ಸೇರದೆ ಉಳಿದ ತೋಮನ ಸುವಾರ್ತೆಯದೆಂದು ತಿಳಿದದ್ದು 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ಕಾಪ್ಟಿಕ್ ಪ್ರತಿ ದೊರೆತ ಮೇಲೆ. 705ನೆಯದು ಯಹೂದ್ಯರ ಇತಿಹಾಸಕ್ಕೆ ಕಹಿಯಾದ ಸಾಕ್ಷಿ: ಕ್ರಿ.ಶ. 115-117ರ ಯಹೂದಿ ದಂಗೆಯನ್ನು ಅಡಗಿಸಿದ ಗೆಲುವನ್ನು ಊರವರು ಸುಮಾರು 200ರಲ್ಲೂ ವರ್ಷವರ್ಷ ಹಬ್ಬವಾಗಿ ಆಚರಿಸುತ್ತಿದ್ದರು.

ಕನ್ನಡಿಗರು ಬಲ್ಲದ್ದು 413ನೆಯ ಸಂಖ್ಯೆಯ ಪ್ರಹಸನ. ಅದು ನಡೆಯುವುದು ಭಾರತದ ಕಡಲತೀರದಲ್ಲಿ; ಅದರಲ್ಲಿನ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ಸೂಚಿಸಿದರು; ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಆ ಜಾಡು ಹಿಡಿದರು. ತುಳು ಎಂದವರೂ ಇದ್ದಾರೆ.