ಪೂರಕ ಮತ್ತು ಪರಿಪೂರಕ ಕೋನಗಳು: ಒಂದನ್ನು ಅಳೆದರೆ ಉಳಿದವು ತಿಳಿಯುತ್ತವೆ

ಎರಡು ಕೋನಗಳ ಮೊತ್ತ 90 ಡಿಗ್ರಿಯಾದರೆ ಅವುಗಳನ್ನು ಪೂರಕ ಕೋನಗಳೆಂದೂ, 180 ಡಿಗ್ರಿಯಾದರೆ ಪರಿಪೂರಕ ಕೋನಗಳೆಂದೂ ಕರೆಯಲಾಗುತ್ತದೆ. 35 ಡಿಗ್ರಿಯ ಕೋನಕ್ಕೆ 55 ಡಿಗ್ರಿಯ ಕೋನ ಪೂರಕ. 145 ಡಿಗ್ರಿಯ ಕೋನ ಪರಿಪೂರಕ. ಶಾಲಾ ರೇಖಾಗಣಿತದ ಆರಂಭದಲ್ಲಿಯೇ ಬರುವ ಈ ಎರಡು ಪದಗಳು ವಿದ್ಯಾರ್ಥಿಗಳ ಬಾಯಲ್ಲಿ ಅದಲುಬದಲಾಗುವುದುಂಟು. ಅಳೆದ ಒಂದು ಕೋನದಿಂದ ಅಳೆಯದ ಇನ್ನೊಂದನ್ನು ತಿಳಿಯುವ ಉಪಾಯವೇ ಈ ಎರಡರ ತಿರುಳು.

ಛೇದಿಸುವ ರೇಖೆಗಳು

ಎರಡು ಸರಳರೇಖೆಗಳು ಪರಸ್ಪರ ಛೇದಿಸಿದಾಗ ಛೇದನ ಬಿಂದುವಿನ ಸುತ್ತ ನಾಲ್ಕು ಕೋನಗಳು ಏರ್ಪಡುತ್ತವೆ. ಅಕ್ಕಪಕ್ಕದ ಯಾವುದೇ ಎರಡು ಕೋನಗಳು ಸೇರಿ ಒಂದು ಸರಳರೇಖೆಯ ಒಂದು ಪಾರ್ಶ್ವವನ್ನು ಪೂರ್ತಿಯಾಗಿ ತುಂಬುತ್ತವೆ. ಆದ್ದರಿಂದ ಅವು ಸದಾ ಪರಿಪೂರಕ. ಇಂತಹ ಜೋಡಿಗೆ ಸರಳ ಯುಗ್ಮ ಎಂದು ಹೆಸರು.

ಎದುರುಬದುರಾಗಿರುವ ಕೋನಗಳಿಗೆ ಶೃಂಗಾಭಿಮುಖ ಕೋನಗಳೆನ್ನುತ್ತಾರೆ. ಇವೆರಡೂ ತಮ್ಮ ನಡುವಿನ ಒಂದೇ ಕೋನಕ್ಕೆ ಪರಿಪೂರಕವಾಗಿರುವುದರಿಂದ ಪರಸ್ಪರ ಸಮವಾಗಿರುತ್ತವೆ. ಹೀಗಾಗಿ ಎರಡು ರಸ್ತೆಗಳು 60 ಡಿಗ್ರಿಯಲ್ಲಿ ಓರೆಯಾಗಿ ಕೂಡಿದರೆ ಉಳಿದ ಮೂರು ಕೋನಗಳನ್ನು ಅಳೆಯಬೇಕಾಗಿಲ್ಲ. ಅವು ಕ್ರಮವಾಗಿ 120, 60 ಮತ್ತು 120 ಡಿಗ್ರಿ.

ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದಲ್ಲಿ 13ನೆಯ ಪ್ರಮೇಯವು ಸರಳ ಯುಗ್ಮವನ್ನೂ 15ನೆಯದು ಶೃಂಗಾಭಿಮುಖ ಕೋನಗಳನ್ನೂ ಸಾಧಿಸುತ್ತದೆ. ಯೂಕ್ಲಿಡ್ ಡಿಗ್ರಿಯ ಲೆಕ್ಕವನ್ನು ಬಳಸಲಿಲ್ಲ. ‘ಎರಡು ಲಂಬಕೋನಗಳಿಗೆ ಸಮ’ ಎಂದೇ ಹೇಳುತ್ತಾನೆ.

ಪೂರಕ ಕೋನಗಳ ನೆಲೆ

ಎರಡೇ ರೇಖೆಗಳು ಛೇದಿಸಿದಾಗ ಅಕ್ಕಪಕ್ಕದ ಕೋನಗಳು ಎಂದಿಗೂ ಪೂರಕವಾಗಲಾರವು. ರೇಖೆಗಳು 45 ಡಿಗ್ರಿಯಲ್ಲಿ ಛೇದಿಸಿದರೆ ಮಾತ್ರ ಎದುರುಬದುರಿನ ಎರಡು ಲಘುಕೋನಗಳು ಸೇರಿ 90 ಡಿಗ್ರಿಯಾಗುತ್ತವೆ. ಸಾಮಾನ್ಯವಾಗಿ ಪೂರಕ ಜೋಡಿ ಹುಟ್ಟುವುದು ಲಂಬವಾಗಿ ಛೇದಿಸಿದ ಎರಡು ರೇಖೆಗಳ ನಡುವೆ ಅದೇ ಬಿಂದುವಿನ ಮೂಲಕ ಮೂರನೆಯ ರೇಖೆ ಹಾದಾಗ. ಆ ರೇಖೆಯು ಒಂದು ಲಂಬಕೋನವನ್ನು 35 ಮತ್ತು 55 ಡಿಗ್ರಿಗಳಾಗಿ ಒಡೆದರೆ, ಎದುರಿನ ಲಂಬಕೋನವೂ ಹಾಗೆಯೇ ಒಡೆಯುತ್ತದೆ. ಲಂಬಕೋನ ತ್ರಿಭುಜದ ಎರಡು ಲಘುಕೋನಗಳು ಸಹ ಸದಾ ಪೂರಕ.

ತ್ರಿಕೋನಮಿತಿಯ ‘ಕೊಸೈನ್’ ಎಂಬ ಹೆಸರಿನಲ್ಲಿಯೂ ಪೂರಕ ಕೋನವೇ ಅಡಗಿದೆ. ಪೂರಕ ಕೋನದ ಸೈನ್ ಎಂಬುದೇ ಅದರ ಅರ್ಥ. 30 ಡಿಗ್ರಿಯ ಸೈನ್ ಮತ್ತು 60 ಡಿಗ್ರಿಯ ಕೊಸೈನ್ ಎರಡೂ 0.5 ಆಗಿರುವುದು ಇದರಿಂದಲೇ. ಭಾರತೀಯ ಜ್ಯೋತಿರ್ಗಣಿತದಲ್ಲಿ ಇವುಗಳಿಗೆ ಸಂವಾದಿಯಾಗಿ ಜ್ಯಾ ಮತ್ತು ಕೋಟಿಜ್ಯಾ ಎಂಬ ಪದಗಳಿವೆ.

ಆಕಾಶದ ಲೆಕ್ಕ

ಸಮಭಾಜಕ ವೃತ್ತದಿಂದ ಒಂದು ಊರು ಎಷ್ಟು ಡಿಗ್ರಿ ದೂರದಲ್ಲಿದೆ ಎಂಬುದನ್ನು ಅಕ್ಷಾಂಶ ತಿಳಿಸುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಹಗಲು ರಾತ್ರಿ ಸಮವಾಗುವ ದಿನ, ಮಧ್ಯಾಹ್ನದ ಸೂರ್ಯನು ದಿಗಂತದಿಂದ ಮೇಲಿರುವ ಕೋನ ಆ ಊರಿನ ಅಕ್ಷಾಂಶಕ್ಕೆ ಪೂರಕವಾಗಿರುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಿ ಅದು 77 ಡಿಗ್ರಿ. ಸುಮಾರು 18 ಡಿಗ್ರಿಯ ಬೀದರ್‌ನಲ್ಲಿ 72 ಡಿಗ್ರಿ. ಅಂದು ಬೆಂಗಳೂರಿನ ತಾರಸಿಯ ಮೇಲೆ ದಕ್ಷಿಣಕ್ಕೆ 13 ಡಿಗ್ರಿ ಓರೆಯಾಗಿಟ್ಟ ಸೌರ ಫಲಕದ ಮೇಲೆ ಮಧ್ಯಾಹ್ನದ ಬಿಸಿಲು ಲಂಬವಾಗಿ ಬೀಳುತ್ತದೆ.

ಸಮಾಂತರ ರೇಖೆಗಳು

ಎರಡು ಸಮಾಂತರ ರೇಖೆಗಳನ್ನು ಮೂರನೆಯ ರೇಖೆಯೊಂದು ಛೇದಿಸಿದಾಗ, ಅದರ ಒಂದೇ ಬದಿಯ ಒಳಕೋನಗಳು ಪರಿಪೂರಕ. ಅವುಗಳ ಮೊತ್ತ 180 ಡಿಗ್ರಿಗಿಂತ ಕಡಿಮೆಯಾದರೆ ರೇಖೆಗಳು ಆ ಬದಿಯಲ್ಲಿ ಕೂಡಿಯೇ ಕೂಡುತ್ತವೆ ಎಂಬುದು ಯೂಕ್ಲಿಡ್‌ನ ಐದನೆಯ ಆಧಾರ ಪ್ರತಿಜ್ಞೆ. ಇದನ್ನು ಉಳಿದ ನಾಲ್ಕರಿಂದ ಸಾಧಿಸಲು ಶತಮಾನಗಳ ಕಾಲ ನಡೆದ ಯತ್ನಗಳು ಫಲಿಸಲಿಲ್ಲ. ಅದನ್ನು ಒಪ್ಪದೆಯೂ ಸುಸಂಗತವಾದ ರೇಖಾಗಣಿತ ಸಾಧ್ಯವೆಂದು ರಷ್ಯಾದ ಲೊಬಚೆವ್‌ಸ್ಕಿ 1829ರಲ್ಲಿಯೂ, ಹಂಗೆರಿಯ ಬೊಲ್ಯಾಯಿ 1832ರಲ್ಲಿಯೂ ಪ್ರಕಟಿಸಿದರು.

ಗಮನಿಸಬೇಕಾದ ಅಂಶಗಳು

ಪೂರಕ ಅಥವಾ ಪರಿಪೂರಕ ಕೋನಗಳು ಅಕ್ಕಪಕ್ಕದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಬೇರೆ ಬೇರೆ ಚಿತ್ರಗಳಲ್ಲಿದ್ದರೂ ಮೊತ್ತ ಸರಿಹೊಂದಿದರೆ ಸಾಕು. ಈ ಹೆಸರುಗಳು ಎರಡು ಕೋನಗಳ ಜೋಡಿಗೆ ಮಾತ್ರ ಸಲ್ಲುತ್ತವೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿಯಾದರೂ ಅವುಗಳನ್ನು ಪರಿಪೂರಕ ಎನ್ನುವುದಿಲ್ಲ. ವಿಶಾಲ ಕೋನಕ್ಕೆ ಪೂರಕ ಕೋನವಿಲ್ಲ, ಪರಿಪೂರಕ ಕೋನವುಂಟು. ಲಂಬಕೋನಕ್ಕೆ ಮತ್ತೊಂದು ಲಂಬಕೋನವೇ ಪರಿಪೂರಕ. ಹೆಸರುಗಳು ಗೊಂದಲವಾದಲ್ಲಿ, ‘ಪರಿ’ ಸೇರಿ ಉದ್ದವಾದ ಪದಕ್ಕೆ ದೊಡ್ಡ ಮೊತ್ತ ಎಂದು ನೆನಪಿಟ್ಟುಕೊಳ್ಳಬಹುದು.