ಅಂಕಿಯೇ ಇಲ್ಲದ ಬೂಸ್ಟ್ ಗೇಜ್

ಹಳೆಯ ಸಾಬ್ 900 ಟರ್ಬೊ ಕಾರಿನ ಬೂಸ್ಟ್ ಗೇಜ್ ನೋಡಿದ್ದೀರಾ? ಅದರಲ್ಲಿ ಒಂದೇ ಒಂದು ಅಂಕಿ ಇಲ್ಲ! ಬರೀ ಬಣ್ಣದ ಪಟ್ಟಿ, ಕೊನೆಗೆ ಕೆಂಪು. ವಿಮಾನ ಕಟ್ಟುತ್ತಿದ್ದ ಕಂಪನಿಗೆ ನಾಲ್ಕು ಅಂಕಿ ಬರೆಯೋಕೆ ಏನಾಗಿತ್ತು ಅಂತ ನನಗೆ ಮೊದಲು ನಗು ಬಂದಿತ್ತು.

1977ರಲ್ಲಿ ಸ್ವೀಡನ್ನಿನ ಸಾಬ್ 99 ಟರ್ಬೊ ಬಂದಾಗ ಫ್ಯಾಕ್ಟರಿ ಬೂಸ್ಟ್ ಸುಮಾರು 0.7 ಬಾರ್, 2 ಲೀಟರ್ ಎಂಜಿನ್ನಿಂದ 145 ಅಶ್ವಶಕ್ತಿ. ಒತ್ತಡ ಮಿತಿ ಮುಟ್ಟಿದರೆ ವೇಸ್ಟ್‌ಗೇಟ್ ತೆರೆದು ಹೊಗೆಯನ್ನು ಟರ್ಬೈನಿನ ಪಕ್ಕದಿಂದಲೇ ಸಾಗಹಾಕುತ್ತದೆ.

ಆದರೆ ಈ 0.7 ಅನ್ನೋದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನೋ ಲೆಕ್ಕ. ಮಂಗಳೂರಿನಲ್ಲಾದರೆ ಎಂಜಿನ್ನಿಗೆ ಸಿಗೋದು ಒಟ್ಟು 1.7 ಬಾರ್. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮುಳ್ಳು ಅಲ್ಲೇ ನಿಂತರೂ ಸಿಗೋದು 1.6 ಮಾತ್ರ.

ಇನ್ನು ಮುಳ್ಳಿನ ಕಥೆ. ಎಷ್ಟೋ ಯಾಂತ್ರಿಕ ಗೇಜ್‌ಗಳ ಒಳಗಿರೋದು ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಲೋಹದ ಕೊಳವೆ. ಒತ್ತಡಕ್ಕೆ ಅದು ನೆಟ್ಟಗಾಗಲು ಹೊರಟಾಗ ಮುಳ್ಳು ತಿರುಗುತ್ತದೆ. ವರ್ಷಗಳು ಕಳೆದಂತೆ ಕೊಳವೆ ದಣಿಯುತ್ತದೆ, ರಬ್ಬರ್ ಪೈಪು ಬಿರಿಯುತ್ತದೆ. ಪೈಪು ಸೋರಿದರೆ ಮುಳ್ಳು ಕಡಿಮೆ ತೋರಿಸುತ್ತದೆ. ಅದನ್ನೇ ನಂಬಿ ಬೂಸ್ಟ್ ಏರಿಸಿದಿರೋ, ಎಂಜಿನ್ ನಾಕ್ ಹೊಡೆದು ಪಿಸ್ಟನ್ ತೂತಾದೀತು.

1980ರ ದಶಕದ ಆರಂಭದಲ್ಲಿ ಸಾಬ್‌ನ ಪೆರ್ ಗಿಲ್‌ಬ್ರಾಂಡ್ ಮತ್ತು ತಂಡ ತಂದ ಎಪಿಸಿ ವ್ಯವಸ್ಥೆ ಮುಳ್ಳನ್ನು ನೋಡಲೇ ಇಲ್ಲ. ಎಂಜಿನ್ನಿನ ನಾಕ್ ಕೇಳಿಸಿಕೊಂಡು ತಾನೇ ಬೂಸ್ಟ್ ಇಳಿಸಿತು.

ಹಳೆಯ ಟರ್ಬೊ ಇಟ್ಟುಕೊಂಡವರೇ, ಸರಿಯಿದೆ ಅಂತ ಖಾತ್ರಿಯಾದ ಇನ್ನೊಂದು ಗೇಜ್ ಜೋಡಿಸಿ ಹೋಲಿಸದೆ ಸ್ಕ್ರೂ ಮುಟ್ಟಬೇಡಿ. ತಪ್ಪು ಅಂಕಿಗಿಂತ ಬರೀ ಬಣ್ಣವೇ ವಾಸಿ ಅಂತ ಈಗನ್ನಿಸುತ್ತೆ :-)